ಗರ್ಭಧಾರಣೆಗೆ ಮುನ್ನಿನ ಮೂರು ತಿಂಗಳು

ಬಸುರಿಯಾದಳೆಂಬ ಸಮಾಚಾರ ತಿಳಿದ ಮೇಲೆಯೇ ಹಾಲು, ಹಣ್ಣು, ತುಪ್ಪಗಳ ಉಪಚಾರ ಆರಂಭವಾಗುವುದು ನಮ್ಮ ಮನೆಗಳಲ್ಲಿ ನಡೆದುಬಂದಿರುವ ರೂಢಿ. ಆದರೆ ಶಿಶುವಿನ ಮೆದುಳು ಮತ್ತು ಬೆನ್ನುಹುರಿಗಳಾಗಿ ಬೆಳೆಯತಕ್ಕ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ, ಎಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರೊಳಗೆ, ಮುಚ್ಚಿಕೊಳ್ಳುವುದರಿಂದ, ಆ ಒಂದು ಕಾರ್ಯದ ಮಟ್ಟಿಗೆ ಈ ಉಪಚಾರವೆಲ್ಲ ತಡವಾಗಿ ಬಂದದ್ದೇ ಸರಿ. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದ ದಂಪತಿಗಳು ಮೂರು ತಿಂಗಳನ್ನು ಸಿದ್ಧತೆಗೆಂದೇ ಮೀಸಲಿಡುವುದು ಲೇಸು.

ಮೊದಲು ರಕ್ತಪರೀಕ್ಷೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಮೆಯಿದ್ದರೆ ರಕ್ತಹೀನತೆಯೆಂದೇ ಅರ್ಥ. ಬಸುರಿನಲ್ಲಿ ಆ ಕೊರತೆಯನ್ನು ತುಂಬಿಕೊಳ್ಳುವುದಕ್ಕಿಂತ ಈಗಲೇ ತುಂಬಿಕೊಳ್ಳುವುದು ಸುಲಭ. ಸಕ್ಕರೆ, ಥೈರಾಯ್ಡ್‌ಗಳನ್ನೂ ಅದೇ ಸಲ ನೋಡಿಸಬಹುದು.

ಎರಡನೆಯದು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ. 1928ರಲ್ಲಿ ಭಾರತಕ್ಕೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬೊಂಬಾಯಿಯ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡುಕೊಂಡರು. ಆ ಸಾರದೊಳಗಿದ್ದ ಸತ್ತ್ವವೇ ಇದು. ಮೂರು ತಿಂಗಳು ಮುಂಚಿತವಾಗಿ ಹಿಡಿದು, ಬಸುರಿನ 12ನೆಯ ವಾರದವರೆಗೆ ಬಿಡದೆ ನುಂಗಬೇಕು. ‘ದಿನವೂ ಸೊಪ್ಪು ತಿನ್ನುತ್ತೇವಲ್ಲ, ಮಾತ್ರೆಯ ಹಂಗೇಕೆ?’ ಎಂದು ಕೇಳುವವರುಂಟು. ಸೊಪ್ಪು ಅವಶ್ಯವೇ, ಆದರೆ ಅದನ್ನು ಬೇಯಿಸುವ ರೀತಿಯನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು.

ಈ ಮಾತನ್ನು ಕೊಂಚ ವಿಸ್ತರಿಸಿಯೇ ಹೇಳಬೇಕಾಗಿದೆ. ದಂಟಿನ ಸೊಪ್ಪನ್ನೋ ಹರಿವೆಯನ್ನೋ ತಂದು, ಸಣ್ಣಗೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆದು, ಪಾತ್ರೆ ತುಂಬ ನೀರಿಟ್ಟು, ಬಣ್ಣ ಮಾಸುವವರೆಗೆ ಕುದಿಸಿ, ಆ ನೀರನ್ನು ಬಸಿದು ಬಚ್ಚಲಿಗೆ ಚೆಲ್ಲಿ, ಹಿಂಡಿ ಉಳಿದ ಉಂಡೆಗೆ ಒಗ್ಗರಣೆ ಹಾಕಿ ಬಡಿಸುವವರು ತಾವು ಸೊಪ್ಪು ತಿಂದೆವೆಂದು ಭಾವಿಸುತ್ತಾರೆ. ಆದರೆ ಫೋಲೇಟ್, ಎಂದರೆ ಆಹಾರದಲ್ಲಿ ಸಹಜವಾಗಿರುವ ಫೋಲಿಕ್ ಆಮ್ಲದ ರೂಪ, ನೀರಿನಲ್ಲಿ ಕರಗುವ, ಬಹಳ ಹೊತ್ತಿನ ಕಾವಿಗೆ ನಾಶವಾಗುವ ವಸ್ತುವಾದುದರಿಂದ, ಅದರ ಬಹುಭಾಗ ಬಚ್ಚಲಿನ ಪಾಲಾಗಿರುತ್ತದೆ. ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಸೊಪ್ಪು ಕಾಳು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡಿ ಮುದ್ದೆಯೊಡನೆ ಉಣ್ಣುವ ಪದ್ಧತಿಯಿದೆಯಷ್ಟೆ. ನನ್ನ ಅಭಿಪ್ರಾಯದಲ್ಲಿ ಅಂಗಡಿಯ ಯಾವ ಪುಷ್ಟಿಯ ಪುಡಿಯೂ ಆ ಊಟಕ್ಕೆ ಸಮನಲ್ಲ. ಹೆಚ್ಚುವ ಮೊದಲೇ ತೊಳೆಯಿರಿ, ನೀರು ಕಡಮೆಯಿಡಿ, ಮುಚ್ಚಳ ಮುಚ್ಚಿ ಬೇಗ ಇಳಿಸಿ, ಬಸಿದುದನ್ನು ಸಾರಿಗೆ ಬಳಸಿ. ಹೆಸರುಕಾಳು, ಅಲಸಂದೆ, ಕಡಲೆಕಾಳುಗಳಲ್ಲಿಯೂ ಫೋಲೇಟ್ ಧಾರಾಳವಾಗಿದೆ.

ಇನ್ನು ಕಬ್ಬಿಣ. ಎಲೆ ಎತ್ತುವ ಮೊದಲೇ ಕಾಫಿಯ ಲೋಟ ಕೈಗೆ ಬರುವ ಮನೆಗಳಲ್ಲಿ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಕಾಫಿ, ಚಹಾಗಳಿಗೂ ಊಟಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಕಬ್ಬಿಣದ ಮಾತ್ರೆಯನ್ನು ಹಾಲಿನೊಡನೆ ನುಂಗುವುದು ನಾನು ಪದೇ ಪದೇ ಕಂಡಿರುವ ತಪ್ಪು. ಹಾಲಿನ ಸುಣ್ಣಾಂಶ ಕಬ್ಬಿಣಕ್ಕೆ ಅಡ್ಡಿಯಾಗುತ್ತದೆ. ಶಾಕಾಹಾರಿಗಳು ಬಿ12ರ ಸಲುವಾಗಿ ಹಾಲು ಮೊಸರುಗಳನ್ನು ಬಿಡಬಾರದು. ಮೊಟ್ಟೆ ತಿನ್ನುವವರಿಗೆ ಇನ್ನೂ ಒಳ್ಳೆಯದು. ಅಡಿಗೆಗೆ ಅಯೋಡಿನ್ ಬೆರೆತ ಉಪ್ಪನ್ನೇ ಬಳಸಿ. ತೆಳ್ಳಗಾಗಲೆಂದು ಒಪ್ಪೊತ್ತು ಮಾಡುವವರು ಈ ಮೂರು ತಿಂಗಳು ಅದನ್ನು ನಿಲ್ಲಿಸತಕ್ಕದ್ದು.

ಗಂಡಸರ ವಿಷಯವನ್ನು ಸ್ಥಳಾಭಾವದಿಂದ ಚಿಕ್ಕದಾಗಿಯೇ ಹೇಳುತ್ತೇನೆ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಬೀಡಿ, ಗುಟ್ಕಾ, ಮದ್ಯಗಳನ್ನು ಗಂಡನೂ ಇಂದೇ ಬಿಡಬೇಕು. ಸೊಸೆಯೊಬ್ಬಳಿಗೇ ಪಥ್ಯ ವಿಧಿಸುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

ಹಿಂದೆ ನರನಾಳದ ದೋಷವುಳ್ಳ ಮಗುವನ್ನು ಹೆತ್ತವರು, ಮಧುಮೇಹಿಗಳು, ಮೂರ್ಛೆರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಮೇಲಿನ 400 ಮೈಕ್ರೋಗ್ರಾಂ ಸಾಕೆಂದು ಸುಮ್ಮನಿರಬಾರದು, ತಮ್ಮ ಔಷಧಿಯನ್ನು ತಾವೇ ನಿಲ್ಲಿಸಲೂ ಬಾರದು. ಇಂಥವರಿಗೆ ಹತ್ತು ಪಟ್ಟಿಗೂ ಮೀರಿದ ಪ್ರಮಾಣ ಬೇಕಾಗಬಹುದಾದುದರಿಂದ, ಗರ್ಭಕ್ಕೆ ಪ್ರಯತ್ನಿಸುವ ಮೊದಲೇ ವೈದ್ಯರನ್ನು ಕಾಣಿರಿ.