ಉದ್ಯಾನವನ ಯಾವ ಬಗೆಯ ಸರಕು? ನಮ್ಮ ಬೆಟ್ಟಗಳಲ್ಲಿ ಒಂದು ಅರ್ಥಶಾಸ್ತ್ರ ಪಾಠ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಕುರಿತ ಅಧ್ಯಾಯವನ್ನು ಕಾಮರ್ಸ್ ಸಹಪಾಠಿಗಳೆಲ್ಲ ಓದಿರುತ್ತೀರಿ. ಸಾರ್ವಜನಿಕ ಸರಕು ಎಂದರೇನು ಎಂದು ತಿಳಿಸಲು ಅಲ್ಲಿ ಉದ್ಯಾನವನದ ಉದಾಹರಣೆ ಇದೆ. ಚಾಕೊಲೇಟನ್ನು ನಾನು ತಿಂದರೆ ಅದು ನಿಮಗೆ ಸಿಗುವುದಿಲ್ಲ, ಆದ್ದರಿಂದ ಅದು ಖಾಸಗಿ ಸರಕು. ಉದ್ಯಾನವನದಲ್ಲಿ ನಾನು ಓಡಾಡಿದರೆ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ, ಯಾರನ್ನೂ ಹೊರಗಿಡುವುದೂ ಸುಲಭವಲ್ಲ, ಆದ್ದರಿಂದ ಅದು ಸಾರ್ವಜನಿಕ ಸರಕು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಈ ಎರಡು ಲಕ್ಷಣಗಳನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಟ್ಟಗಳಿಗೆ ಹೊಂದಿಸಿ ನೋಡಿದರೆ ಲೆಕ್ಕ ಅಷ್ಟು ಸುಲಭವಾಗಿ ತಾಳೆಯಾಗುವುದಿಲ್ಲ.

ನಂದಿ ಬೆಟ್ಟವನ್ನೇ ತೆಗೆದುಕೊಳ್ಳಿ. ಎತ್ತರ 1,478 ಮೀಟರ್, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಭಾನುವಾರ ಬಾಗಿಲು ತೆರೆಯುವ ಮುಂಚೆಯೇ ಕೆಳಗೆ ಕಾರು, ಬೈಕುಗಳ ಸಾಲು ನಿಂತಿರುತ್ತದೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಅಂದರೆ ಹೊರಗಿಡಲು ಸಾಧ್ಯವಿದೆ. ಪಾರ್ಕಿಂಗ್ ತುಂಬಿದರೆ ಮುಂದಿನ ಕಾರಿಗೆ ಜಾಗವಿಲ್ಲ, ಅಂದರೆ ಒಬ್ಬರ ಬಳಕೆ ಇನ್ನೊಬ್ಬರ ಪಾಲನ್ನು ಕಡಿಮೆ ಮಾಡುತ್ತದೆ. ಭಾನುವಾರ ಬೆಳಿಗ್ಗೆ ಚಾಕೊಲೇಟಿನಂತೆ ಇರುವ ಈ ಬೆಟ್ಟ ಮಂಗಳವಾರ ಮಧ್ಯಾಹ್ನ ಪಠ್ಯಪುಸ್ತಕದ ಉದ್ಯಾನವನ ಆಗಿಬಿಡುತ್ತದೆ! ಸರಕು ಒಂದೇ, ವಾರ ಬೇರೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕಿತ್ತುಹೋಯಿತು. ಡಿಸೆಂಬರ್‌ವರೆಗೆ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ನೋಡಲು ಬರುವವರಿಗೆ ಅದು ತಪ್ಪಿದ ಒಂದು ಪ್ರವಾಸ ಅಷ್ಟೆ. ಬೆಟ್ಟದ ದಾರಿಯಲ್ಲಿ ಸೀಬೆಹಣ್ಣು, ಜೋಳ ಮಾರಿ ಬದುಕುವವರಿಗೆ ಅದು ಮೂರು ತಿಂಗಳಿಗೂ ಹೆಚ್ಚಿನ ವ್ಯಾಪಾರ.

ಈಗ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಾವು ಶಿಡ್ಲಘಟ್ಟದವರು, ಅಬ್ಬಾ ರೇಷ್ಮೆ ನೂಲು ತೆಗೆಯುತ್ತಾರೆ. ಮಾರುಕಟ್ಟೆಯಿಂದ ಗೂಡು ತಂದ ಮೇಲೆ ಕಾಯುವಂತಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗುತ್ತದೆ, ನೂಲು ಬರುವುದಿಲ್ಲ. ಒಂದು ದಿನ ಕೆಲಸ ನಿಲ್ಲಿಸಿದರೆ ಕೂಲಿಯವರ ದಿನವೂ ಹೋಗುತ್ತದೆ. ಅವಕಾಶ ವೆಚ್ಚ ಎಂದು ನಾವು ಮೊದಲ ಅಧ್ಯಾಯದಲ್ಲಿ ಓದಿದ್ದು ಇದನ್ನೇ. "ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತದೆ" ಎಂದು ಅಬ್ಬಾ ವರ್ಷಗಟ್ಟಲೆ ಹೇಳಿಕೊಂಡು ಬಂದರು.

ಕಳೆದ ವರ್ಷ ಅಮ್ಮಿ, ತಂಗಿ, ನಾನು ಅಣ್ಣನ ಜೊತೆ ಹೊರಟೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಶೂನ್ಯ ಟಿಕೆಟ್, ಅಣ್ಣನೊಬ್ಬನಿಗೆ ಖರ್ಚು. ಖಾಸಗಿ ಬಸ್ಸುಗಳು ಬಂದವು, ಹತ್ತಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿ ಮೇಲೆ ತಲುಪುವಾಗ ಬಿಸಿಲು ಏರಿತ್ತು, ಎಲ್ಲರೂ ಫೋಟೋ ಹಾಕುವ ಆ ಮಂಜು ಆವಿಯಾಗಿತ್ತು. ನಂದಿಯ ಸೂರ್ಯೋದಯ ಸ್ವಂತ ವಾಹನ ಇರುವವರ ಸರಕು ಎಂದು ನನಗೆ ತಿಳಿದದ್ದು ಅಲ್ಲಿಯೇ. ಗೇಟಿನ ಟಿಕೆಟ್ ಯಾರನ್ನು ಹೊರಗಿಡುತ್ತದೆ ಎಂದು ಪುಸ್ತಕ ಕೇಳುತ್ತದೆ. ಬಸ್ಸಿನ ವೇಳಾಪಟ್ಟಿ ಯಾರನ್ನು ಹೊರಗಿಡುತ್ತದೆ ಎಂದೂ ಕೇಳಬೇಕು. ಅಮ್ಮಿಯ ಪ್ರಶ್ನೆಗಳಂತೂ ಬೇರೆಯೇ: ಶೌಚಾಲಯ ಎಲ್ಲಿ, ಜೊಹರ್ ನಮಾಜಿಗೆ ವಜೂ ಮಾಡಲು ನೀರು ಎಲ್ಲಿ? ಇವಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಅವರು ಟಿಪ್ಪುವಿನ ಬೇಸಿಗೆ ಅರಮನೆಯ ಕಡೆ ಕಣ್ಣು ಹಾಯಿಸಿದ್ದು.

ಸ್ಕಂದಗಿರಿಯದು ಇನ್ನೊಂದು ರೀತಿ. ಅಲ್ಲಿ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ದಕ್ಷಿಣ ಕನ್ನಡದ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ರಾಜ್ಯದಲ್ಲಿ ತಡೆದರು. ಬೆಟ್ಟಕ್ಕೆ ಜನರ ಮಿತಿ ಇರುವುದು ಸರಿ ಎಂದೇ ನನ್ನ ಅಭಿಪ್ರಾಯ. ಬೆಲೆ ಏರಿಸಿ ಜನರನ್ನು ಕಡಿಮೆ ಮಾಡುವುದಕ್ಕಿಂತ ಸಂಖ್ಯೆ ನಿಗದಿ ಮಾಡುವುದು ಬಡವರಿಗೂ ನ್ಯಾಯ. ಆದರೆ ಬುಕಿಂಗ್ ಮೊಬೈಲಿನಲ್ಲಿ ಮಾತ್ರ ಎಂದರೆ ಬೆಟ್ಟದ ಬುಡದಲ್ಲಿ ಇರುವವರಿಗಿಂತ ಬೆಂಗಳೂರಿನ ಬೆರಳು ಬೇಗ.

ಗೌರಿಬಿದನೂರು ತಾಲ್ಲೂಕಿನ ಆವಲಬೆಟ್ಟ, ಚಿಂತಾಮಣಿಯ ಕೈಲಾಸಗಿರಿ, ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟ, ಗುಡಿಬಂಡೆಯ ಕೋಟೆ ಕೂಡ ನೋಡುವಂಥವೇ. ಇಂಥ ಜಾಗಗಳಲ್ಲಿ ನೋಟ ಎಲ್ಲರದು, ಬಾಟಲಿ ಹೆಕ್ಕುವ ಕೆಲಸ ಯಾರದೂ ಅಲ್ಲ. ಪುಸ್ತಕದ ಫ್ರೀ ರೈಡರ್‌ನನ್ನು ಗುರುತಿಸಲು ಬೇರೆ ಕಡೆ ಹೋಗಬೇಕಾಗಿಲ್ಲ.

ಹಾಗಾದರೆ ಇಲ್ಲಿ ನಿಜವಾದ ಸಾರ್ವಜನಿಕ ಸರಕು ಯಾವುದು? ನನ್ನ ಉತ್ತರ: ಬೆಟ್ಟದ ಮೇಲೆ ಬೀಳುವ ಮಳೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಯ ಸಾಲಿನಲ್ಲೇ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಜಿಲ್ಲೆಯಲ್ಲಿ ಕೆರೆಗೆ, ಬಾವಿಗೆ ಆ ಮಳೆಯೇ ದಿಕ್ಕು. ಬೆಟ್ಟವನ್ನು ಒಮ್ಮೆಯೂ ಹತ್ತದ ಅಬ್ಬಾ ಗೂಡು ಬೇಯಿಸುವ ನೀರಿನಲ್ಲೂ ಅದರ ಪಾಲು ಇರಬಹುದು. ಅದಕ್ಕೆ ಗೇಟೂ ಇಲ್ಲ, ಟಿಕೆಟೂ ಇಲ್ಲ.

ದಸರಾ ರಜೆಯಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ನನ್ನ ಸಲಹೆ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಸ್ಮಾರಕವಿದೆ, ವೀರಸೌಧವಿದೆ, ಕುಳಿತು ಬುತ್ತಿ ತಿನ್ನಲು ಮರದ ನೆರಳಿದೆ. ಹೋಗುವ ಖರ್ಚು, ಕಳೆದ ಸಮಯ, ಯಾರು ಎಲ್ಲಿಂದ ಬಂದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರೈಲಿದೆ, ಆದರೆ ಅದರಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ಹುಡುಗಿಯರು ಬಸ್ಸಿಗೇ ಹೋಗಿ, ಆಧಾರ್ ಕಾರ್ಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.