ಮಿದುಳು ತಿನ್ನುವ ಅಮೀಬಾ

ನೇಗ್ಲೇರಿಯಾ ಫೌಲೆರಿ ಬೆಚ್ಚಗಿನ ಸಿಹಿನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಏಕಕೋಶ ಜೀವಿ. 46 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನೂ ತಾಳುತ್ತದೆ. ಕೆರೆಯಲ್ಲಿ ಮುಳುಗು ಹಾಕಿದಾಗ ನೀರು ಮೂಗಿಗೇರಿದರೆ ಅಮೀಬಾ ಘ್ರಾಣನರದ ಗುಂಟ ಮಿದುಳು ಸೇರುತ್ತದೆ. ಆ ನೀರು ಕುಡಿದರೆ ರೋಗ ಬರುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ. ಆಮಶಂಕೆ ತರುವ ಎಂಟಮೀಬಾ ಬೇರೆ, ಅದು ಪರಾವಲಂಬಿ.

ನೇಗ್ಲೇರಿಯಾ ಸೋಂಕಿನ ಮರಣ ಪ್ರಮಾಣ ಶೇ 95ಕ್ಕೂ ಹೆಚ್ಚು. 2024ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಬಾಲಕನೊಬ್ಬ ಬದುಕುಳಿದದ್ದು ಅಪರೂಪದ ಪ್ರಕರಣ; ಕೊಟ್ಟ ಔಷಧ ಮಿಲ್ಟೆಫೊಸಿನ್, ಕಾಲಾ ಅಜಾರ್‌ಗೂ ಬಳಸುವಂಥದ್ದು. ಪ್ರಚಲಿತ ವಿದ್ಯಮಾನಕ್ಕೆ ಇದನ್ನು ಗುರುತು ಹಾಕಿಕೊಳ್ಳಿ: ನವೆಂಬರ್ 2025ರಲ್ಲಿ ಕರ್ನಾಟಕ ಆರೋಗ್ಯ ಇಲಾಖೆಯು ಶಬರಿಮಲೆ ಯಾತ್ರಿಗಳಿಗೆ, ಸ್ನಾನದ ವೇಳೆ ಮೂಗಿಗೆ ಕ್ಲಿಪ್ ಹಾಕಿ ಅಥವಾ ಮೂಗು ಹಿಡಿದುಕೊಳ್ಳಿ ಎಂದು ಸೂಚಿಸಿತು.

ಅಕಾಂತಮೀಬಾ ಎಂಬ ಇನ್ನೊಂದು ಅಮೀಬಾ ಕಾಡುವುದು ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯುವವರ ಕಾರ್ನಿಯಾವನ್ನು.