ಮೊದಲ ಮೂರು ತಿಂಗಳು ಉಳಿತಾಯ ಬೇಡ

ಸಿಗರೇಟು ಬಿಡಿ, ಆ ದುಡ್ಡು ಕೂಡಿಡಿ, ಲಕ್ಷ ಎಣಿಸಿ ಎಂಬ ಲೆಕ್ಕವನ್ನು ಹಣಕಾಸಿನ ಅಂಕಣಗಳಲ್ಲಿ ನೀವು ಓದಿಯೇ ಇರುತ್ತೀರಿ. ಲೆಕ್ಕದಲ್ಲಿ ತಪ್ಪಿಲ್ಲ. ದಿನಕ್ಕೆ ಐದು ಸಿಗರೇಟು, ಒಂದಕ್ಕೆ 20 ರೂಪಾಯಿ ಎಂದು ಹಿಡಿದರೆ ದಿನಕ್ಕೆ 100, ತಿಂಗಳಿಗೆ 3,000. ಅದನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಕಟ್ಟುತ್ತ ಹೋದರೆ, ಶೇ 6.7 ಬಡ್ಡಿಯಲ್ಲಿ ಕೊನೆಗೆ ಕೈಗೆ ಬರುವುದು ಸುಮಾರು 2 ಲಕ್ಷ 14 ಸಾವಿರ. ಸೇದುತ್ತಿದ್ದ ವರ್ಷಗಳಲ್ಲಿ ಇದು ನನಗೆ ಬಾಯಿಪಾಠವಾಗಿತ್ತು. ಆದರೆ ಈ ಲೆಕ್ಕದ ಬಲದಿಂದ ನಾನು ಒಂದೇ ಒಂದು ಸಿಗರೇಟನ್ನೂ ಕೈಬಿಡಲಿಲ್ಲ. ನನ್ನ ಗೆಳೆಯರಲ್ಲಿ ಯಾರೂ ಆರ್‌ಡಿ ಬಡ್ಡಿಯ ಆಸೆಗೆ ಧಮ್ ಹೊಡೆಯುವುದನ್ನು ನಿಲ್ಲಿಸಿದ್ದನ್ನು ಕಂಡಿಲ್ಲ.

ಆ ಲೆಕ್ಕ ನಿಕೋಟಿನನ್ನು ಬಿಟ್ಟು ಹಾಕಿದ ಲೆಕ್ಕ. ಹೊಗೆ ಒಳಗೆಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ, ಒಂದಿಷ್ಟು ಹೊತ್ತು ಮನಸ್ಸು ಹಗುರಾಗುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆಗ ಶುರು ಚಡಪಡಿಕೆ, ಮುಂಗೋಪ, ಕೆಲಸದ ಮೇಲೆ ನಿಲ್ಲದ ಗಮನ. ಮುಂದಿನ ಸಿಗರೇಟು ಅದನ್ನು ತಣಿಸುತ್ತದೆ. ಸಿಗರೇಟಿನಿಂದ ಟೆನ್ಷನ್ ಕಡಿಮೆಯಾಗುತ್ತದೆ ಎಂದು ಸೇದುವವರೆಲ್ಲ ಹೇಳುವುದು ಇದನ್ನೇ. ಮೀಟರ್ ಬಡ್ಡಿಗೆ ಸಾಲ ತಂದವರನ್ನು ನೋಡಿದ್ದೀರಲ್ಲ, ಸಂಜೆಯಾದರೆ ಬಡ್ಡಿ ವಸೂಲಿಗೆ ಬಂದು ನಿಲ್ಲುತ್ತಾರೆ, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ನಿಕೋಟಿನ್ ವಸೂಲಿಯೂ ಅದೇ ಬಗೆಯದು. ಹಿಂದಿನ ಸಿಗರೇಟು ಹುಟ್ಟಿಸಿದ ಸಂಕಟಕ್ಕೆ ಮುಂದಿನದರ ಮೂಲಕ ಬಡ್ಡಿ ಕಟ್ಟುತ್ತೇವೆ. ಸೇದದವರಿಗೆ ಪುಕ್ಕಟೆಯಾಗಿ ಸಿಗುವ ನೆಮ್ಮದಿಯನ್ನು ದಿನಕ್ಕೆ ಐದು ಸಲ ದುಡ್ಡು ಕೊಟ್ಟು ಕೊಳ್ಳುತ್ತೇವೆ.

ಇಂಥ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಉಳಿತಾಯದ ಪಾಠ ಹೇಳಿ ಫಲವಿಲ್ಲ. ಮೊದಲು ಸಾಲ ತೀರಬೇಕು, ತೀರಿಸುವುದಕ್ಕೂ ದುಡ್ಡು ಬೇಕು. ಹಾಗಾಗಿ ನನ್ನ ಸಲಹೆ ಇದು: ಬಿಟ್ಟ ಮೊದಲ ಮೂರು ತಿಂಗಳು ಆ 3,000ದಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಅಷ್ಟನ್ನೂ ಬಿಡುವ ಕೆಲಸಕ್ಕೇ ಖರ್ಚು ಮಾಡಿ.

ಅದಕ್ಕೆ ಮುಂಚೆ ನಿಮ್ಮ 3,000 ನಿಜವಾಗಿ ಎಷ್ಟು ಎಂಬುದು ಗೊತ್ತಾಗಬೇಕು. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿತು. ಆದರೂ ಬೀಡಾ ಅಂಗಡಿಗಳಲ್ಲಿ ಒಂದೊಂದಾಗಿಯೇ ಸಿಗುತ್ತದೆ, ಒಂದೊಂದಾಗಿ ಕೊಂಡವನಿಗೆ ಒಟ್ಟು ಮೊತ್ತ ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಪ್ಯಾಕಿನ ಮುಖದ ಶೇ 85ರಷ್ಟು ಜಾಗದಲ್ಲಿರುವ ಎಚ್ಚರಿಕೆಯ ಚಿತ್ರವನ್ನೂ ಅವನು ನೋಡುವುದಿಲ್ಲ, ಅದರ ಜೊತೆ ಅಚ್ಚಾಗಿರುವ ಸಹಾಯವಾಣಿಯ ನಂಬರನ್ನೂ ನೋಡುವುದಿಲ್ಲ. ಹಿಂದೆಲ್ಲ ಅಂಗಡಿಯವರ ಲೆಕ್ಕದ ಪುಸ್ತಕವಾದರೂ ಇರುತ್ತಿತ್ತು. ಈಗ ಆ ಕೆಲಸವನ್ನು ಯುಪಿಐ ಮಾಡುತ್ತದೆ. ನಾನು ಒಂದು ಭಾನುವಾರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಆಫೀಸಿನ ಪಕ್ಕದ ಅಂಗಡಿಯ ಹೆಸರನ್ನಷ್ಟೇ ಹುಡುಕಿದೆ. ಸಿಗರೇಟು, ಅದರ ಜೊತೆಗೊಂದು ಟೀ, ಬಾಯಿ ವಾಸನೆಗೊಂದು ಪೆಪ್ಪರ್‌ಮಿಂಟು. ಚಿಲ್ಲರೆ ಚಿಲ್ಲರೆಯಾಗಿ ಸಾಲುಗಟ್ಟಿದ್ದವು. ಕೂಡಿಸಿ ನೋಡಿದರೆ ತಿಂಗಳ ಮೊತ್ತ ಮಗಳ ಸ್ಕೂಲ್ ವ್ಯಾನಿಗೆ ಕೊಡುತ್ತಿದ್ದುದಕ್ಕಿಂತ ಜಾಸ್ತಿ ಇತ್ತು. ಈ ಮೊತ್ತವೇ ನಿಮ್ಮ ಚಿಕಿತ್ಸೆಯ ಬಜೆಟ್ಟು.

ಬಜೆಟ್ಟಿನಲ್ಲಿ ದುಡ್ಡು ಕೇಳದ ಸಹಾಯವೇ ಮೊದಲು ಬರಲಿ. ಪ್ಯಾಕಿನ ಮೇಲಿರುವ 1800-11-2356 ಉಚಿತ ಕರೆ. ದಕ್ಷಿಣದ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಯಾವ ದಿನ ಬಿಡುತ್ತೀರಿ, ದಿನದ ಯಾವ ಹೊತ್ತು ಕಷ್ಟ, ಮನೆಯಲ್ಲಿ ಯಾರು ಜೊತೆಗಿದ್ದಾರೆ ಎಂದೆಲ್ಲ ಕೇಳಿ ತಿಳಿದುಕೊಂಡು, ಬಿಟ್ಟ ಮೇಲೂ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕೂಡ ತಂಬಾಕು ಬಿಡಿಸುವ ಕೇಂದ್ರಗಳಿವೆ.

ಆಮೇಲೆ ಔಷಧಿ. ನಾನು ಆಸರೆಯಾಗಿಸಿಕೊಂಡದ್ದು ನಿಕೋಟಿನ್ ಗಮ್ಮನ್ನು. ಸಿಗರೇಟಿಗೆ 20 ರೂಪಾಯಿ ಕೊಡುವಾಗ ಯೋಚಿಸದವರು ಮೆಡಿಕಲ್ ಶಾಪಿನಲ್ಲಿ ಗಮ್ಮಿನ ಇಡೀ ಸ್ಟ್ರಿಪ್ಪಿನ ಬೆಲೆ ಕೇಳಿ ಹಿಂದೆ ಸರಿಯುವುದನ್ನು ನೋಡಿದ್ದೇನೆ. ಬಿಡಿಸಿ ಲೆಕ್ಕ ಹಾಕಿದರೆ ಒಂದು ಗಮ್ಮು ಒಂದು ಸಿಗರೇಟಿಗಿಂತ ಅಗ್ಗ. ಅದರಲ್ಲಿ ನಿಕೋಟಿನ್ ಇದೆ, ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಬಡ್ಡಿಯ ದರ ಇಳಿಸಿಕೊಂಡು ಅಸಲು ತೀರಿಸಲು ಸಿಗುವ ಬಿಡುವು ಅದು. ಹಾಸಿಗೆಯಿಂದ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಉಳಿದವರಿಗೆ 2. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಗಮ್ಮಿಗೆ ಸುರಿದ ದುಡ್ಡು ದಂಡವಾಗುವುದು ಜಗಿಯುವ ಕ್ರಮ ಗೊತ್ತಿಲ್ಲದಿದ್ದಾಗ. ಒಂದೇ ಸಮ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಹೊಟ್ಟೆ ತೊಳಸು ಶುರುವಾಗುತ್ತದೆ. ಇದು ನಮಗಾಗದು ಎಂದು ಉಗಿದು ಮತ್ತೆ ಸಿಗರೇಟಿಗೆ ಹೋಗುವವರೇ ಹೆಚ್ಚು. ಖಾರ ಹತ್ತುವವರೆಗೆ ನಿಧಾನ ಜಗಿದು, ದವಡೆಗೂ ಕೆನ್ನೆಗೂ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಇನ್ನೆರಡು ಸಲ ಜಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಮ್ಮ ಕಡೆಯವರು ಮುಖ್ಯವಾಗಿ ನೆನಪಿಡಬೇಕಾದದ್ದು ಕಾಫಿಯ ವಿಚಾರ. ಕಾಫಿ, ಹಣ್ಣಿನ ರಸ ಕುಡಿದ ಬಾಯಿಯಲ್ಲಿ ಆಮ್ಲದ ಅಂಶವಿದ್ದು ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಗಮ್ಮಿಗೆ ಮೊದಲು ಹದಿನೈದು ನಿಮಿಷ ಕಾಫಿ ಬೇಡ, ಜಗಿಯುವಾಗಲೂ ಬೇಡ. ಸುಮಾರು ಹನ್ನೆರಡು ವಾರಗಳಲ್ಲಿ ಗಮ್ಮಿನ ಸಂಖ್ಯೆಯನ್ನೂ ಇಳಿಸುತ್ತ ಬಂದು ನಿಲ್ಲಿಸಬೇಕು. ಗಮ್ ಒಗ್ಗದವರಿಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ವೈದ್ಯರು ಬರೆದುಕೊಡುವ ಬುಪ್ರೋಪಿಯಾನ್, ವರೆನಿಕ್ಲಿನ್ ಮಾತ್ರೆಗಳಿವೆ. ಈ ಎರಡು ಮಾತ್ರೆಗಳನ್ನೂ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಚಟ ಬಿಡುವುದು ಬರೀ ಮನೋಬಲದ ಮಾತು ಎಂದು ಗದರುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು.

ಬಿಟ್ಟ ಎರಡನೆಯ, ಮೂರನೆಯ ದಿನ ತೀರಾ ಕಷ್ಟ. ಆಮೇಲೆ ವಾರದಿಂದ ವಾರಕ್ಕೆ ಸಡಿಲವಾಗುತ್ತದೆ. ಸೇದಲೇಬೇಕೆಂಬ ತುಡಿತ ಒಂದೊಂದು ಸಲಕ್ಕೆ ಐದು ನಿಮಿಷದ ಆಚೆ ನಿಲ್ಲುವುದು ಕಡಿಮೆ. ಆ ದಿನಗಳಲ್ಲಿ ನಾನು ಮಗಳ ಮೇಲೆ ಸುಮ್ಮನೆ ಸಿಡುಕಿದಾಗ ನನ್ನ ಹೆಂಡತಿ ಅವಳಿಗೆ, "ಅಪ್ಪಂಗೆ ಈ ವಾರ ಹುಷಾರಿಲ್ಲ ಪುಟ್ಟಿ, ಬಿಡು" ಎಂದಳು. ಆ ಮಾತು ನೂರಕ್ಕೆ ನೂರು ನಿಜವಾಗಿತ್ತು, ಮತ್ತು ಮನೆಯವರಿಂದ ನನಗೆ ಸಿಕ್ಕ ದೊಡ್ಡ ಉಪಕಾರ ಅದೇ. ಹಸಿವು ಹೆಚ್ಚುತ್ತದೆ. ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದು ಸಾಮಾನ್ಯ. ಹಣ್ಣು, ಸೌತೆಕಾಯಿ, ಹುರಿಗಡಲೆ ಕೈಗೆಟುಕುವಂತೆ ಇಟ್ಟುಕೊಳ್ಳಿ, ಅದೂ ಬಜೆಟ್ಟಿನೊಳಗಿನ ಖರ್ಚೇ.

ಮೂರು ತಿಂಗಳು ದಾಟಿದ ಮೇಲೆ ಆರ್‌ಡಿ. ಸಂಬಳ ಬಿದ್ದ ಮರುದಿನವೇ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿ. ಸಿಗರೇಟಿನ ದುಡ್ಡು ದಿನಾ ಚಿಲ್ಲರೆಯಾಗಿ ಹೋಗುತ್ತಿದ್ದದ್ದು, ಉಳಿದರೂ ಚಿಲ್ಲರೆಯಾಗಿಯೇ ಕರಗಿಬಿಡುತ್ತದೆ. ತಿಂಗಳ ಮೊದಲಿಗೇ ಕಟ್ಟಿ ಬೇರೆಡೆ ಇಡದಿದ್ದರೆ ಅದು ಇತ್ತು ಎನ್ನುವುದಕ್ಕೆ ಗುರುತೂ ಇರುವುದಿಲ್ಲ. ನಡುವೆ ಎಂದಾದರೂ ಜಾರಿದರೆ ಆರ್‌ಡಿ ಮುರಿಯಬೇಡಿ. ಬಹಳ ಜನಕ್ಕೆ ಬಿಡುವುದು ಒಂದೇ ಏಟಿಗೆ ಆಗುವುದಿಲ್ಲ. ಮತ್ತೆ ಗಮ್ ತನ್ನಿ, ಮತ್ತೆ ಫೋನ್ ಮಾಡಿ. ಎಷ್ಟು ಸಲ ಬೇಕಾದರೂ ಖರ್ಚು ಮಾಡಬಹುದಾದ ಕೆಲಸ ಇದು.

ಒಂದು ವರ್ಷ ಕಳೆದ ಮೇಲೆ ವಿಮೆಯ ಕಾಗದ ತೆಗೆಯಿರಿ. ಟರ್ಮ್ ವಿಮೆಯಲ್ಲಿ ಸೇದುವವರಿಗೆ ಪ್ರೀಮಿಯಂ ಗಣನೀಯವಾಗಿ ಹೆಚ್ಚು. ತಂಬಾಕು ಮುಟ್ಟಿ ಎಷ್ಟು ಕಾಲವಾಯಿತು ಎಂದು ಅರ್ಜಿಯಲ್ಲಿ ಕೇಳುತ್ತಾರೆ, ಅವಧಿ ಕಂಪನಿಯಿಂದ ಕಂಪನಿಗೆ ಬೇರೆ. ಸುಳ್ಳು ಬರೆಯಬೇಡಿ. ನಿಕೋಟಿನ್ ದೇಹದಲ್ಲಿ ಕೋಟಿನಿನ್ ಆಗಿ ಬದಲಾಗುತ್ತದೆ, ಮೂತ್ರ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ; ಗಮ್ ಜಗಿಯುತ್ತಿದ್ದರೂ ಕಾಣಿಸುತ್ತದೆ. ಪರೀಕ್ಷೆ ತಪ್ಪಿಸಿಕೊಂಡರೂ, ಪಾಲಿಸಿ ಆರಂಭವಾದ ಮೂರು ವರ್ಷದೊಳಗೆ ಸಾವು ಬಂದರೆ, ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಸತ್ಯ ಮುಚ್ಚಿಟ್ಟಿದ್ದಕ್ಕೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅವಕಾಶವಿದೆ. ಆಗ ಕಚೇರಿ ಅಲೆಯಬೇಕಾದವರು ಹೆಂಡತಿ ಮಕ್ಕಳು. ನಿಜವಾಗಿಯೂ ಬಿಟ್ಟು, ಗಮ್ಮನ್ನೂ ನಿಲ್ಲಿಸಿ, ಕಂಪನಿ ಹೇಳುವ ಅವಧಿ ಮುಗಿದ ಮೇಲೆ ಸೇದದವರ ದರಕ್ಕೆ ಹೊಸದಾಗಿ ಅರ್ಜಿ ಹಾಕಿ. ಹೊಸ ಪಾಲಿಸಿ ಕೈಗೆ ಬರುವ ತನಕ ಹಳೆಯದರ ಕಂತು ನಿಲ್ಲಿಸಬೇಡಿ.

ನಿವೃತ್ತಿಯ ಲೆಕ್ಕವನ್ನೂ ತಿದ್ದಬೇಕು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಜೊತೆಗಾರರು 1951ರಿಂದ ಅಲ್ಲಿನ ವೈದ್ಯರ ಧೂಮಪಾನವನ್ನು ಅರ್ಧ ಶತಮಾನ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 60ರಲ್ಲಿ ಬಿಟ್ಟವರಿಗೆ ಸುಮಾರು ಮೂರು ವರ್ಷ, 50ರಲ್ಲಿ ಆರು, 40ರಲ್ಲಿ ಒಂಬತ್ತು, 30ರಲ್ಲಿ ಹತ್ತು ವರ್ಷ ಆಯುಷ್ಯ ಉಳಿಯುತ್ತದೆ. ನಾನು ನಲವತ್ತರ ಆಸುಪಾಸಿನಲ್ಲಿ ಬಿಟ್ಟವನು. ಎನ್‌ಪಿಎಸ್ ಲೆಕ್ಕದಲ್ಲಿ ಮೊದಲು 75ನೇ ವಯಸ್ಸಿನವರೆಗಿನ ಮನೆ ಖರ್ಚನ್ನಷ್ಟೇ ಹಿಡಿದಿದ್ದೆ, ಈಗ 85ರವರೆಗೆ ಹಿಡಿದಿದ್ದೇನೆ. ಹೆಚ್ಚಿದ ಹತ್ತು ವರ್ಷಕ್ಕೆ ತಿಂಗಳು ತಿಂಗಳು ಎಷ್ಟು ಕಟ್ಟಬೇಕು ಎಂದು ನೋಡಿದರೆ ಸಿಗರೇಟಿನ ದುಡ್ಡು ಅದಕ್ಕೆ ಪೂರ್ತಿ ಸಾಲುವುದಿಲ್ಲ. ಅದರ ಮೇಲೆ ತಿಂಗಳಿಗೆ ಇನ್ನೂ ಸ್ವಲ್ಪ ಸೇರಿಸಿ ಕಟ್ಟುತ್ತಿದ್ದೇನೆ.